ಅಮಲೇ ಕಾಣದ ಕುಡಿತದ ಚಟ: ವಾರ್ಡಿನಲ್ಲಿ ಗುರುತಿಸುವ ಬಗೆ

ತೂರಾಟ, ತೊದಲು ಮಾತು ಹುಡುಕುತ್ತ ಕೂತರೆ ಇಂಥ ರೋಗಿ ನಮ್ಮ ಕೈಗೆ ಸಿಗುವುದೇ ಇಲ್ಲ. ದಿನವೂ ಕುಡಿಯುವವರ ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಂದು ಕ್ವಾರ್ಟರ್ ಒಳಗಿಳಿದರೂ ನಡಿಗೆ ನೆಟ್ಟಗೆ, ಲೆಕ್ಕಾಚಾರ ಸರಿ. "ಎಷ್ಟು ಕುಡಿದ್ರೂ ಸ್ಟೆಡಿ ಇರ್ತಾರೆ" ಎಂದು ಮನೆಯವರು ಸಮಾಧಾನದಿಂದ ಹೇಳಿದರೆ ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ. ಸಹಿಷ್ಣುತೆ ಬೆಳೆದಿದೆ ಎಂಬುದಕ್ಕೆ ಅದೇ ಸುಳಿವು.

"ದಿನಾ ಸ್ವಲ್ಪ" ಎಂಬುದು ಉತ್ತರವಲ್ಲ. ಯಾವ ಮದ್ಯ, ಎಷ್ಟು ಮಿ.ಲೀ., ಒಂದು ಬಾಟಲಿ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ, ಲೆಕ್ಕ ಹಾಕಿ. ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ. 42.8ರವು. 180 ಮಿ.ಲೀ. ಕ್ವಾರ್ಟರ್‌ನಲ್ಲಿ 77 ಮಿ.ಲೀ. ಮದ್ಯಸಾರ, ಅದನ್ನು 0.79ರಿಂದ (ಮದ್ಯಸಾರದ ಸಾಂದ್ರತೆ) ಗುಣಿಸಿದರೆ ಸುಮಾರು 61 ಗ್ರಾಂ. 10 ಗ್ರಾಂಗೆ ಒಂದು ಯೂನಿಟ್‌ನಂತೆ ಆರು ಯೂನಿಟ್. "ಬರೀ ಬಿಯರ್" ಎನ್ನುವವರನ್ನೂ ಬಿಡಬೇಡಿ: ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಅಂದರೆ ನಾಲ್ಕು ಯೂನಿಟ್.

ಹಗಲು ಚೆನ್ನಾಗಿಯೇ ಕಾಣುವುದಕ್ಕೂ ಈ ಲೆಕ್ಕವೇ ಕಾರಣ. ಯಕೃತ್ತು ಗಂಟೆಗೆ ಸಾಮಾನ್ಯವಾಗಿ 7ರಿಂದ 10 ಗ್ರಾಂ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಹಾಫ್ (375 ಮಿ.ಲೀ.) ಮುಗಿಸಿದವರ ರಕ್ತದಲ್ಲಿ ಬೆಳಗ್ಗೆ ಎಂಟಕ್ಕೂ ಮದ್ಯ ಉಳಿದಿರಬಹುದು. ನಡುಕ, ಬೆವರು, ಸಿಡುಕು ಶುರುವಾಗುವುದು ಆಮೇಲೆ. ಆದ್ದರಿಂದ ಎಷ್ಟು ಕುಡಿಯುತ್ತೀರಿ ಎನ್ನುವುದರ ಜೊತೆಗೆ ಕುಡಿಯದಿದ್ದರೆ ಮಧ್ಯಾಹ್ನ, ಸಂಜೆ ಹೇಗಿರುತ್ತದೆ ಎಂದೂ ಕೇಳಿ.

ಕುಡಿತದ ಚಟ ಪತ್ತೆಹಚ್ಚಲು ಕೇಳುವ ಕೇಜ್ (CAGE) ಪ್ರಶ್ನೆಗಳು ನಾಲ್ಕೇ. ಕಡಿಮೆ ಮಾಡಬೇಕು ಅನ್ನಿಸಿದೆಯಾ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದಾ? ಕುಡಿದದ್ದಕ್ಕೆ ಮನಸ್ಸು ಚುಚ್ಚುತ್ತದಾ? ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದುಂಟಾ? ಎರಡಕ್ಕೆ ಹೌದು ಬಂದರೆ ವಿವರವಾಗಿ ವಿಚಾರಿಸಬೇಕು. ನಾಲ್ಕನೆಯ ಒಂದಕ್ಕೇ ಹೌದು ಎಂದರೂ ಹಗುರವಾಗಿ ಬಿಡಬಾರದು. ಹೆಂಡತಿ ಮಕ್ಕಳ ಎದುರು ಕೇಳಬೇಡಿ; ನಿಜ ಹೊರಬರುವುದಿಲ್ಲ.

ಮನೆಯವರು ಕೊಡುವ ಇನ್ನೊಂದು ಸಮರ್ಥನೆ: "ಅಯ್ಯಪ್ಪನ ಮಾಲೆ ಹಾಕಿದಾಗ ಮುಟ್ಟೋದೇ ಇಲ್ಲ, ಚಟ ಎಲ್ಲಿದೆ?" ನಿಯಮಕ್ಕೆ ಕಟ್ಟುಬಿದ್ದು ಕೆಲವು ವಾರ ಬಿಡುವುದು ಅವಲಂಬನೆ ಇದ್ದವರಿಗೂ ಸಾಧ್ಯ. ಮಾಲೆ ಹಾಕಿದ ಮೊದಲ ನಾಲ್ಕು ದಿನ ನಿದ್ದೆ ಬಂತಾ, ಕೈ ನಡುಗಿತಾ, ಮಾಲೆ ತೆಗೆದ ವಾರದಲ್ಲೇ ಹಳೆಯ ಪ್ರಮಾಣಕ್ಕೆ ಮರಳಿದರಾ? ಕೇಳಬೇಕಾದದ್ದು ಇದನ್ನು.

ರಕ್ತಪರೀಕ್ಷೆಯಲ್ಲಿ ಜಿಜಿಟಿ (ಯಕೃತ್ತಿನ ಕಿಣ್ವ), ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) ಏರಿದ್ದರೆ ಸಂಶಯಕ್ಕೆ ಬಲ. ಅವು ಸರಿಯಿದ್ದ ಮಾತ್ರಕ್ಕೆ ಚಟ ಇಲ್ಲ ಎನ್ನಲಾಗದು.

ಕೇಳದೇ ಬಿಟ್ಟರೆ ಗುಟ್ಟು ರಟ್ಟಾಗುವುದು ಮೂಳೆ ವಾರ್ಡಿನಲ್ಲಿ. ಕಾಲು ಮುರಿದು ದಾಖಲಾದವರಿಗೆ ಕೊನೆಯ ಪೆಗ್ಗಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ; 48 ಗಂಟೆಯೊಳಗೆ ಫಿಟ್ಸ್ ಬರಬಹುದು; ಮೂರನೇ ದಿನದ ಹೊತ್ತಿಗೆ ಹಾಸಿಗೆ ಕೆದಕುವುದು, ಗೋಡೆ ಮೇಲೆ ಹುಳ ಕಾಣುವುದು, ಊರು ದಿನ ತಿಳಿಯದಿರುವುದು. ಇದನ್ನು ಅರಿವಳಿಕೆಯ ಪರಿಣಾಮ ಎಂದು ಬಗೆದು ಕೈಕಾಲು ಕಟ್ಟಿ ಸುಮ್ಮನಾದರೆ ಜೀವಕ್ಕೇ ಅಪಾಯ. ಕೂಡಲೇ ವೈದ್ಯರನ್ನು ಕರೆಯಿರಿ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಹೋಗಿದೆಯೇ ನೋಡಿ. ಕೊರತೆಯಿದ್ದಾಗ ಬರೀ ಗ್ಲೂಕೋಸ್ ಮೆದುಳಿಗೆ ಪೆಟ್ಟು ಕೊಡಬಹುದು. ದಿನವೂ ಕುಡಿಯುವವರ ಮನೆಯವರಿಗೆ "ಇವತ್ತೇ ಪೂರ್ತಿ ನಿಲ್ಲಿಸಿಬಿಡಿ" ಎಂದೂ ಹೇಳಬಾರದು. ನಿಲ್ಲಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು. ದಾರಿ ಕೇಳಲು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಇದೆ.