ನೀರಿನ ಲೆಕ್ಕ: ಎಂ30 ಕಾಂಕ್ರೀಟ್, ಹಸಿ ಹೊಯ್ಗೆ ಮತ್ತು ನಮ್ಮೂರಿನ ಮಳೆ

ಕಾಂಕ್ರೀಟ್ ಟೆಕ್ನಾಲಜಿ ಮತ್ತು ಮ್ಯಾನೇಜ್‌ಮೆಂಟ್ ಪೇಪರನ್ನು ಅರ್ಧ ಲ್ಯಾಬಿನದು, ಅರ್ಧ ಸೈಟಿನದು ಅಂತ ಬೇರೆ ಬೇರೆ ಓದಿದರೆ ಎರಡೂ ತಲೆಗೆ ಹತ್ತುವುದಿಲ್ಲ. ನನಗೆ ಕಂಡ ಹಾಗೆ ಎರಡನ್ನೂ ಜೋಡಿಸುವುದು ನೀರು. ಅದರಲ್ಲೂ ಕಾಸರಗೋಡಿನಲ್ಲಿ. ಪಡುವಣದಿಂದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಹಾಗಾಗಿ ಈ ಟಿಪ್ಪಣಿ ಪೂರ್ತಿ ನೀರಿನ ಮೇಲೆಯೇ.

ಮೊದಲು ಉಪ್ಪು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಗಾಳಿಗೆ ತೆರೆದ ಕಂಬ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ 'ಸಿವಿಯರ್' (ತೀವ್ರ) ವರ್ಗಕ್ಕೆ ಬರುತ್ತದೆ. ಸರಳು ಹಾಕಿದ ಕಾಂಕ್ರೀಟಾದರೆ ಅಲ್ಲಿ ಕನಿಷ್ಠ ಎಂ30 (28 ದಿನಕ್ಕೆ ಚದರ ಮಿಮೀಗೆ 30 ನ್ಯೂಟನ್ ಬಲ) ಬೇಕು. ಘನ ಮೀಟರಿಗೆ ಸಿಮೆಂಟ್ 320 ಕೆಜಿಗಿಂತ ಕಮ್ಮಿಯಾಗಬಾರದು, ನೀರು-ಸಿಮೆಂಟ್ ಅನುಪಾತ 0.45 ದಾಟಬಾರದು, ಕವರ್ (ಸರಳಿನ ಹೊರಗಿನ ಕಾಂಕ್ರೀಟ್ ಪದರ) 45 ಮಿಮೀ. ಅಲೆಯ ನೀರು ಎರಚುವ ಜಾಗ 'ವೆರಿ ಸಿವಿಯರ್', ಅಲ್ಲಿ ಎಂ35.

ಈ ಟೇಬಲನ್ನು ಬಾಯಿಪಾಠ ಮಾಡುವುದಕ್ಕಿಂತ ಕಾರಣ ತಿಳಿದರೆ ಜಾಸ್ತಿ ನೆನಪಿರುತ್ತದೆ. ಸಿಮೆಂಟಿನ ಕ್ಷಾರ ಗುಣದಿಂದ ಸರಳಿನ ಮೇಲೆ ಒಂದು ತೆಳು ರಕ್ಷಣಾ ಪದರ ಇರುತ್ತದೆ. ಕ್ಲೋರೈಡ್ ಅದನ್ನು ಒಡೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದು ಒಳಗಿನಿಂದ ಒತ್ತಿ ಕವರನ್ನು ಸಿಡಿಸುತ್ತದೆ. ಕ್ಲೋರೈಡ್ ಒಳಗೆ ಬರುವುದು ಎಲ್ಲಿಂದ? ಸಿಮೆಂಟಿಗೆ ಬೇಡವಾದ ನೀರು ಬಿಟ್ಟುಹೋದ ಸಣ್ಣ ಸಣ್ಣ ರಂಧ್ರಗಳಿಂದ. ಅದಕ್ಕೇ 0.45ರ ಮೇಲೆ ಅಷ್ಟು ಹಟ.

ಟಾರ್ಗೆಟ್ ಸ್ಟ್ರೆಂತ್, ಅಂದರೆ ಮಿಕ್ಸ್ ಮಾಡುವಾಗ ಗುರಿಯಿಡುವ ಬಲ, ಬೇಗ ಮುಗಿಸೋಣ. ಮಿಕ್ಸ್ ಲೆಕ್ಕದ ಮಾನಕ ಐಎಸ್ 10262:2019ರಲ್ಲಿ ಎರಡು ಸೂತ್ರ. ಎಂ30ಕ್ಕೆ 30 + 1.65 × 5 = 38.25 (5 ಎಂದರೆ ಬಲದ ಏರಿಳಿತದ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಶನ್), ಇನ್ನೊಂದರಲ್ಲಿ 30 + 6.5 = 36.5 (6.5 ಆ ಗ್ರೇಡಿಗೆ ನಿಗದಿಯಾದದ್ದು). ದೊಡ್ಡದನ್ನು ಹಿಡಿಯಬೇಕು. ಹಳೆಯ ನೋಟ್ಸ್ ನೋಡಿ ಬರೆದರೆ ಎರಡನೆಯ ಸೂತ್ರ ಇರುವುದೇ ಇಲ್ಲ, ಜಾಗ್ರತೆ.

ಈಗ ನಿಜವಾದ ವಿಷಯ, ಹಸಿ ಹೊಯ್ಗೆ (ಮರಳು). ಪ್ಲಾಸ್ಟಿಸೈಸರ್ (ನೀರು ಸೇರಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕ) ಹಾಕಿದ ಒಂದು ಎಂ30 ಮಿಕ್ಸ್ ತೆಗೆದುಕೊಳ್ಳಿ, ಘನ ಮೀಟರಿಗೆ: ಸಿಮೆಂಟ್ 360 ಕೆಜಿ, ನೀರು 162 ಲೀಟರ್, ಹೊಯ್ಗೆ 700 ಕೆಜಿ. ಅನುಪಾತ ಸರಿಯಾಗಿ 0.45. ಆದರೆ ಈ 700 ಕೆಜಿ ಎಂದರೆ ಒಳಗೆ ನೀರು ಕುಡಿದು ಹೊರಗೆ ಒಣಗಿರುವ ಹೊಯ್ಗೆ. ಆಟಿ ತಿಂಗಳ ಮಳೆಯಲ್ಲಿ ಅಂಗಳದಲ್ಲಿ ರಾಶಿ ಬಿದ್ದ ಹೊಯ್ಗೆ ಹಾಗಿರುತ್ತದಾ? ಮೇಲ್ಮೈ ನೀರು 5% ಇದೆ ಎನ್ನಿ. ನೋಡದೆ 700 ಕೆಜಿ ತೂಗಿ ಸುರಿದರೆ ಅದರಲ್ಲಿ ಸುಮಾರು 33 ಲೀಟರ್ ನೀರೇ. ಒಟ್ಟು ನೀರು 195 ಲೀಟರ್, ಅನುಪಾತ 0.54! ಕಾಗದದಲ್ಲಿ ಕಡಲ ಬದಿಯ ಕಾಂಕ್ರೀಟ್, ಅನುಪಾತ ಮಾತ್ರ 'ಮೈಲ್ಡ್' (ಸೌಮ್ಯ) ವರ್ಗದ್ದು. ಅದರ ಮಿತಿ 0.55. ಮೇಲಿಂದ ಹೊಯ್ಗೆಯೂ 33 ಕೆಜಿ ಕಮ್ಮಿ ಬಿತ್ತು.

ಸರಿಪಡಿಸುವುದು ಸುಲಭ. 700ರ 5% ಅಂದರೆ 35. ಹೊಯ್ಗೆ 735 ಕೆಜಿ ತೂಗಿ, ನೀರನ್ನು 127 ಲೀಟರಿಗೆ ಇಳಿಸಿ. ಜಲ್ಲಿಗೂ ಇದೇ ಕ್ರಮ, ಅದರ ಮೇಲೆ ನಿಲ್ಲುವ ನೀರು ಕಮ್ಮಿ ಅಷ್ಟೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಹೊಯ್ಗೆ ತಾನೇ ನೀರು ಕುಡಿಯುತ್ತದೆ, ಆಗ ಲೆಕ್ಕ ತಿರುಗಿ ನೀರು ಸೇರಿಸಬೇಕು. ಪರೀಕ್ಷೆಯಲ್ಲಿ ಕೂಡಿಸುವುದೋ ಕಳೆಯುವುದೋ ಎಂಬ ಗೊಂದಲ ಬಂದರೆ ಹೊಯ್ಗೆಯನ್ನು ಕಣ್ಣೆದುರು ತಂದುಕೊಳ್ಳಿ, ಉತ್ತರ ಸಿಗುತ್ತದೆ.

ಬುಟ್ಟಿಯಲ್ಲಿ ಅಳೆಯುವ ಮನೆ ಕೆಲಸದಲ್ಲಿ ಇನ್ನೊಂದು ತೊಂದರೆ, ಬಲ್ಕಿಂಗ್. ಹಸಿ ಹೊಯ್ಗೆ ಉಬ್ಬುತ್ತದೆ. ಅಳತೆ ಜಾಡಿಯಲ್ಲಿ 200 ಮಿಲಿ ತನಕ ತುಂಬಿಸಿ, ನೀರು ಹೊಯ್ದು ಕಲಕಿದಾಗ 160ಕ್ಕೆ ಇಳಿದರೆ, 40 ಭಾಗಿಸು 160, ಅಂದರೆ 25%. ಭಾಗಿಸುವುದು 160ರಿಂದ, 200ರಿಂದ ಅಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಸೈಟಿನಲ್ಲಿ ಮೇಸ್ತ್ರಿ, 'ಗಟ್ಟಿಯಾಯ್ತು, ಸ್ವಲ್ಪ ನೀರು ಬಿಡಿ' ಅನ್ನುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ, ಸರಳು ಒತ್ತೊತ್ತಾಗಿದ್ದರೆ ಗಟ್ಟಿ ಕಾಂಕ್ರೀಟ್ ಇಳಿಯುವುದಿಲ್ಲ. ಆದರೆ ಅದಕ್ಕೆ ಮದ್ದು ಪ್ಲಾಸ್ಟಿಸೈಸರ್, ಪೈಪಿನ ನೀರಲ್ಲ. ಇಲ್ಲಿಂದಲೇ ಮ್ಯಾನೇಜ್‌ಮೆಂಟ್ ಶುರು: ಮಳೆ ಬಂದ ದಿನ ಬೆಳಿಗ್ಗೆ ಹೊಯ್ಗೆಯ ತೇವ ನೋಡುವವರು ಯಾರು, ಬ್ಯಾಚ್ ಶೀಟ್ (ಪ್ರತಿ ಮಿಕ್ಸಿನ ತೂಕದ ಪಟ್ಟಿ) ತಿದ್ದುವವರು ಯಾರು, ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) ಸರಿಯಿಲ್ಲದ ಲಾರಿಯನ್ನು ವಾಪಸು ಕಳಿಸುವ ಅಧಿಕಾರ ಯಾರಿಗೆ? ಮೂರಕ್ಕೂ ಹೆಸರು ಬರೆದಿಡದ ಸೈಟಿನಲ್ಲಿ ಕೊನೆಗೆ ನಿರ್ಧಾರ ಪೈಪು ಹಿಡಿದವನದ್ದು.

ಮಳೆಗಾಲದಲ್ಲಿ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಬೇಡ ಅನ್ನುವ ಮಾತನ್ನು ನಂಬಬೇಡಿ. ಎರಡು ದಿನ ಬಿಸಿಲು ಬಿದ್ದರೆ ತಾರಸಿ ಒಣಗುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತದ್ದಕ್ಕೆ 10 ದಿನ. ಬಿಸಿಲು ಬಿರುಸಾಗಿದ್ದರೆ 10 ಮತ್ತು 14.

ಕೊನೆಯದು ಕ್ಯೂಬ್, ಅಂದರೆ ಬಲ ಪರೀಕ್ಷಿಸಲು ಅಚ್ಚಿಗೆ ಹೊಯ್ದ ಕಾಂಕ್ರೀಟ್ ಘನ. 30 ಘನ ಮೀಟರಿನ ತಾರಸಿಗೆ 3 ಸ್ಯಾಂಪಲ್ ಬೇಕು. ಸ್ಯಾಂಪಲ್ ಅಂದರೆ ಒಂದು ಕ್ಯೂಬ್ ಅಲ್ಲ, ಮೂರು ಕ್ಯೂಬಿನ ಸರಾಸರಿ. ಯಾವುದೇ ಕ್ಯೂಬ್ ಸರಾಸರಿಯಿಂದ 15%ಗಿಂತ ಜಾಸ್ತಿ ಆಚೀಚೆ ಹೋಗಬಾರದು. 36, 37, 30 ಬಂದರೆ ಸರಾಸರಿ 34.3, ಬಿಡುವು (ಅದರ 15%) 5.15, 30 ಅದರೊಳಗೇ ಇದೆ, ಸ್ಯಾಂಪಲ್ ನಡೆಯುತ್ತದೆ. 36, 37, 28 ಬಂದರೆ ಸರಾಸರಿ 33.7, ಬಿಡುವು 5.05, 28 ಅದನ್ನು ದಾಟಿತು. ಸರಾಸರಿ 30ಕ್ಕಿಂತ ಮೇಲಿದ್ದರೂ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ.