ಕುರಿ ತಲೆಯಲ್ಲಿದ್ದ ಬಲೆ ಮನುಷ್ಯರ ಅನಾಟಮಿ ಪುಸ್ತಕಕ್ಕೆ ಬಂದಿದ್ದು ಹೇಗೆ

1530ರ ದಶಕದ ಕೊನೇಲಿ ಇಟಲಿಯ ಪಡುವಾ ಯೂನಿವರ್ಸಿಟಿಯಲ್ಲಿ ವೆಸೇಲಿಯಸ್ ಅಂತ ಒಬ್ಬ ಅನಾಟಮಿ ಪ್ರೊಫೆಸರ್ ಇದ್ದ, ವಯಸ್ಸು ಇನ್ನೂ ಮೂವತ್ತೂ ಆಗಿರಲಿಲ್ಲ. ಜನರ ಮುಂದೆ ಮನುಷ್ಯನ ತಲೆ ಕೊಯ್ದು ತೋರಿಸೋವಾಗೆಲ್ಲ ಪಕ್ಕದಲ್ಲಿ ಒಂದು ಕುರಿಮರಿ ತಲೆನೋ ಎತ್ತಿನ ತಲೆನೋ ತಪ್ಪದೆ ಇಟ್ಕೋತಿದ್ದ. ಯಾಕಂದ್ರೆ ಮೆದುಳಿನ ಬುಡದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಒಂದು ದೊಡ್ಡ ಬಲೆ ಇದೆ ಅಂತ ಪುಸ್ತಕದಲ್ಲಿ ಬರೆದಿತ್ತು, ನೋಡೋಕೆ ಬಂದವರೂ ಅದನ್ನ ಕೇಳೋರು, ಆದರೆ ಮನುಷ್ಯನ ತಲೆಯಲ್ಲಿ ಎಷ್ಟು ಹುಡುಕಿದರೂ ಅದು ಸಿಕ್ತಿರಲಿಲ್ಲ. ಹಾಗಾಗಿ ಕುರಿ ತಲೆಯಿಂದ ತೋರಿಸಿಬಿಡೋದು! ಇದನ್ನ ಯಾರೋ ಅವನ ಮೇಲೆ ಹೊರಿಸಿದ್ದಲ್ಲ, 1543ರಲ್ಲಿ ಬಂದ ಅವನದೇ ದೊಡ್ಡ ಪುಸ್ತಕದಲ್ಲಿ ಅವನೇ ಬರೆದುಕೊಂಡಿದ್ದಾನೆ.

ಪ್ರಾಣಿಗಳನ್ನ ಕೊಯ್ದು ರಕ್ತನಾಳ ಕಲಿತ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಈ ಬಲೆ ಕಥೆನೇ. ಪ್ರಾಣಿಯ ದೇಹ ನಮಗೆ ಏನು ಹೇಳಿಕೊಡುತ್ತೆ, ಯಾವ ವಿಷಯದಲ್ಲಿ ಹೇಳಿಕೊಡೋಕೆ ಆಗಲ್ಲ, ಎರಡೂ ಇದರಲ್ಲಿದೆ.

ಬಲೆ ಪುಸ್ತಕಕ್ಕೆ ಬಂದಿದ್ದು ಗೇಲನ್‌ನಿಂದ. ಕ್ರಿ.ಶ. 129ರಲ್ಲಿ ಪರ್ಗಮಮ್‌ನಲ್ಲಿ (ಈಗಿನ ಟರ್ಕಿ) ಹುಟ್ಟಿದ ಗ್ರೀಕ್ ವೈದ್ಯ, ಮೊದಲು ಅಖಾಡದಲ್ಲಿ ಕಾದಾಡೋ ಗ್ಲಾಡಿಯೇಟರ್‌ಗಳ ಗಾಯಕ್ಕೆ ಚಿಕಿತ್ಸೆ ಕೊಡ್ತಿದ್ದ, ಆಮೇಲೆ ರೋಮ್‌ಗೆ ಹೋಗಿ ಚಕ್ರವರ್ತಿಗಳ ವೈದ್ಯನೂ ಆದ. ಅವನ ಕಾಲದ ರೋಮ್‌ನಲ್ಲಿ ಮನುಷ್ಯನ ಹೆಣ ಕೊಯ್ಯೋ ರೂಢಿ ಇರಲಿಲ್ಲ, ಹಾಗಾಗಿ ಕೋತಿ, ಹಂದಿ, ಮೇಕೆ, ಎತ್ತು ಹೀಗೆ ಸಿಕ್ಕಿದ್ದನ್ನ ಕೊಯ್ದು ಕಲಿತ. ದೊಡ್ಡ ಊರುಗಳಲ್ಲಿ ಎತ್ತಿನ ಮೆದುಳು ತಲೆಬುರುಡೆ ಬಿಡಿಸಿ ರೆಡಿಯಾಗಿ ಮಾರಾಟಕ್ಕೆ ಸಿಗುತ್ತೆ, ಕಲಿಯೋರು ಅದನ್ನ ತಗೊಳ್ಳಿ ಅಂತ ಅವನೇ ಬರೆದಿದ್ದಾನೆ. ಆ ಎತ್ತಿನ ತಲೆಯಲ್ಲಿ ಅವನಿಗೆ ಕಂಡಿದ್ದು ಮೀನುಗಾರರ ಬಲೆಗಳನ್ನ ಒಂದರ ಮೇಲೊಂದು ಹಾಸಿದ ಹಾಗಿರೋ ನಾಳಗಳ ಹೆಣಿಗೆ. ಎದೆಯಿಂದ ಬರೋ ಪ್ರಾಣಶಕ್ತಿ ಈ ಬಲೆಯಲ್ಲಿ ಹದವಾಗಿ ಮನಸ್ಸಿನ ಶಕ್ತಿ ಆಗುತ್ತೆ ಅಂತ ಅವನು ನಂಬಿದ್ದ, ಎತ್ತಿಗೇ ಇದು ಇದ್ದ ಮೇಲೆ ಮನುಷ್ಯನಿಗೆ ಇರದೆ ಇರುತ್ತಾ ಅಂತ ಮನುಷ್ಯನ ಲೆಕ್ಕಕ್ಕೂ ಸೇರಿಸಿಬಿಟ್ಟ. ಸುಮಾರು ಹದಿಮೂರು ಶತಮಾನ ಅದೇ ಪಾಠ ನಡೀತು.

ಗೇಲನ್ ಕಣ್ಣಿಗೆ ಕಂಡಿದ್ದು ಸುಳ್ಳಲ್ಲ, ಇದನ್ನ ಒತ್ತಿ ಹೇಳಬೇಕು. ಎತ್ತು, ಕುರಿ, ಮೇಕೆ, ಹಂದಿ, ಜಿಂಕೆ ಇವುಗಳ ತಲೆಯಲ್ಲಿ ಆ ಬಲೆ ನಿಜವಾಗ್ಲೂ ಇದೆ, ಲ್ಯಾಟಿನ್‌ನಲ್ಲಿ ಅದನ್ನ ರೀಟೆ ಮಿರಾಬಿಲೆ ಅಂತಾರೆ, ಅದ್ಭುತ ಬಲೆ ಅಂತ ಅರ್ಥ. ಮೆದುಳಿಗೆ ಹೋಗ್ತಿರೋ ಅಪಧಮನಿ (ಹೃದಯದಿಂದ ರಕ್ತ ಒಯ್ಯೋ ನಾಳ) ಅಲ್ಲಿ ಸಣ್ಣ ಸಣ್ಣ ಕವಲುಗಳಾಗಿ ಒಡೆದು, ಹೆಣೆದುಕೊಂಡು, ಮತ್ತೆ ಸೇರಿ ಒಂದೇ ನಾಳ ಆಗಿ ಮೆದುಳಿಗೆ ಹತ್ತುತ್ತೆ. ಈ ಇಡೀ ಹೆಣಿಗೆ ಮುಳುಗಿರೋದು ಅಭಿಧಮನಿ (ಹೃದಯಕ್ಕೆ ರಕ್ತ ವಾಪಸ್ ತರೋ ನಾಳ) ರಕ್ತ ತುಂಬಿರೋ ಒಂದು ಗುಂಡಿಯಲ್ಲಿ. ಆ ರಕ್ತ ಬರೋದು ಮೂಗಿನ ಒಳಗಿಂದ, ಉಸಿರಾಡೋವಾಗ ಮೂಗಿನ ತೇವ ಆರ್ತಾ ಇರೋದ್ರಿಂದ ಅದು ತಣ್ಣಗಿರುತ್ತೆ. ಹೃದಯದಿಂದ ಬಂದ ಬಿಸಿ ರಕ್ತ ಈ ತಣ್ಣನೆ ರಕ್ತದ ಮಧ್ಯೆ ಹಾದು ತನ್ನ ಬಿಸಿ ಕಳ್ಕೊಂಡು ಮೆದುಳಿಗೆ ಹೋಗುತ್ತೆ, ಎರಡು ರಕ್ತ ಎಲ್ಲೂ ಬೆರೆಯಲ್ಲ, ಬಿಸಿ ಮಾತ್ರ ದಾಟುತ್ತೆ. ಆಫ್ರಿಕಾದಲ್ಲಿ ಓಡ್ತಿರೋ ಗೆಜೆಲ್ ಅನ್ನೋ ಜಿಂಕೆಯಂಥ ಪ್ರಾಣಿಯ ಮೆದುಳು ಅದರ ಮೈಯ ರಕ್ತಕ್ಕಿಂತ ಎರಡು ಡಿಗ್ರಿಗೂ ಜಾಸ್ತಿ ತಣ್ಣಗಿತ್ತು ಅಂತ 1970ರ ದಶಕದಲ್ಲಿ ಅಳೆದು ನೋಡಿದಾರೆ. ಇದು ಮೆದುಳನ್ನ ಬಿಸಿಯಿಂದ ಕಾಪಾಡೋಕೆ ಅಂತ ಮೊದಲು ಅನ್ಕೊಂಡಿದ್ರು, ಈಗ ಬಹಳ ಸಂಶೋಧಕರು ಹೇಳೋದು ಇದು ನೀರು ಉಳಿಸೋ ಉಪಾಯ ಅಂತ. ಮೈಬಿಸಿ ನೋಡ್ಕೊಳ್ಳೋ ಕೇಂದ್ರ ಮೆದುಳಲ್ಲೇ ಇರೋದ್ರಿಂದ ಅದು ತಣ್ಣಗಿದ್ರೆ ಬೆವರೋದು ಏದುಸಿರು ಬಿಡೋದು ಕಮ್ಮಿ ಆಗುತ್ತೆ, ನೀರು ಉಳಿಯುತ್ತೆ. ರಾಣೆಬೆನ್ನೂರಿನ ಕೃಷ್ಣಮೃಗಕ್ಕೂ ಬಳ್ಳಾರಿ ಬಿಸಿಲಲ್ಲಿ ಮೇಯೋ ಕುರಿಗೂ ತಲೆ ಒಳಗೆ ಈ ಏರ್ಪಾಡಿದೆ.

ನಮಗಿಲ್ಲ. ನಮ್ಮಲ್ಲಿ ಅದೇ ಜಾಗದಲ್ಲಿ, ಅದೇ ತರದ ಅಭಿಧಮನಿ ರಕ್ತದ ಗುಂಡಿ ಮಧ್ಯೆ, ಕುತ್ತಿಗೆಯಿಂದ ಬಂದ ಅಪಧಮನಿ ಬಲೆ ಆಗದೆ ಒಂದೇ ನಾಳವಾಗಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿ ಮೇಲೆ ಹೋಗುತ್ತೆ ಅಷ್ಟೇ. ವೆಸೇಲಿಯಸ್‌ಗಿಂತ ಮುಂಚೆನೇ, 1520ರ ಆಸುಪಾಸು, ಬೊಲೋನ್ಯದ ಬೆರೆಂಗಾರಿಯೊ ಡಾ ಕಾರ್ಪಿ ಅನ್ನೋ ವೈದ್ಯ ಈ ಬಲೆಗೋಸ್ಕರನೇ ನೂರಕ್ಕೂ ಹೆಚ್ಚು ತಲೆ ಕೊಯ್ದು ನೋಡಿ, ನನಗಂತೂ ಕಾಣಲಿಲ್ಲ ಅಂತ ಬರೆದ. ಅವನ ಮಾತನ್ನ ಯಾರೂ ಅಷ್ಟಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ. ವೆಸೇಲಿಯಸ್ ಕೂಡ 1538ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳಲ್ಲಿ ಬಲೆ ಬರೆಸಿದ್ದ, ಐದು ವರ್ಷ ಆದಮೇಲೆ ಅದನ್ನ ಕೈಬಿಟ್ಟ.

ಹಾಗಾದ್ರೆ ಪ್ರಾಣಿಗಳನ್ನ ಕೊಯ್ದಿದ್ದೇ ತಪ್ಪಾ ಅಂದ್ರೆ ಅಲ್ಲ, ರಕ್ತ ಸುತ್ತಾಡುತ್ತೆ ಅನ್ನೋದೇ ಪ್ರಾಣಿಗಳಿಲ್ಲದೆ ಗೊತ್ತಾಗ್ತಿರಲಿಲ್ಲ. ಸತ್ತ ದೇಹ ಈ ವಿಷಯದಲ್ಲಿ ದಾರಿ ತಪ್ಪಿಸುತ್ತೆ. ಸಾಯೋವಾಗ ಅಪಧಮನಿಗಳು ಬಹುತೇಕ ಖಾಲಿ ಆಗಿ ರಕ್ತ ಎಲ್ಲ ಅಭಿಧಮನಿ ಕಡೆ ಹೋಗಿ ನಿಲ್ಲುತ್ತೆ, ಇದನ್ನ ನೋಡೇ ಹಳೇ ಗ್ರೀಕ್ ವೈದ್ಯ ಎರಸಿಸ್ಟ್ರೇಟಸ್ ಅಪಧಮನಿಯಲ್ಲಿ ಇರೋದು ಗಾಳಿ ಅಂದಿದ್ದ. ಬದುಕಿರೋ ಪ್ರಾಣಿಯ ಅಪಧಮನಿಯನ್ನ ಎರಡು ಕಡೆ ದಾರದಿಂದ ಕಟ್ಟಿ ಮಧ್ಯ ಕೊಯ್ದು, ನೋಡಿ ಒಳಗೆ ರಕ್ತನೇ ಇದೆ ಅಂತ ತೋರಿಸಿಕೊಟ್ಟಿದ್ದು ಇದೇ ಗೇಲನ್. ಬಲೆ ವಿಷಯದಲ್ಲಿ ಎಡವಿದ ಅಂತ ಅವನನ್ನ ಪೂರ್ತಿ ತಳ್ಳಿಹಾಕೋರನ್ನ ಕಂಡರೆ ನನಗೆ ಬೇಜಾರಾಗುತ್ತೆ, ಪ್ರಯೋಗ ಅಂದ್ರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಗೇಲನ್ ಲೆಕ್ಕದಲ್ಲಿ ರಕ್ತ ಲಿವರ್‌ನಲ್ಲಿ ಹುಟ್ಟಿ ಮೈಯಲ್ಲಿ ಖರ್ಚಾಗಿ ಹೋಗೋದು, ಸುತ್ತೋದಲ್ಲ. ಅದನ್ನ ಮುರಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಇವನೂ ಪಡುವಾದಲ್ಲೇ ಓದಿದ್ದು, ಅಭಿಧಮನಿ ಒಳಗಿನ ಕವಾಟಗಳನ್ನ ವಿವರವಾಗಿ ಬರೆದ ಫ್ಯಾಬ್ರಿಸಿಯಸ್ ಇವನ ಗುರು. ಹಾರ್ವೆ ಒಂದು ಎತ್ತು ಒಂದು ಕೋತಿಗೆ ನಿಲ್ಲಲಿಲ್ಲ, ನಾಯಿ, ಹಂದಿ, ಕಪ್ಪೆ, ಹಾವು, ಹಾವುಮೀನು, ಬಸವನಹುಳು, ಮೊಟ್ಟೆ ಒಳಗಿನ ಮರಿ, ಥೇಮ್ಸ್ ನದಿಯ ಸಣ್ಣ ಪಾರದರ್ಶಕ ಸೀಗಡಿ ಎಲ್ಲಾನೂ ನೋಡಿದ. ನಾಯಿ ಹೃದಯ ಕಣ್ಣು ಮುಚ್ಚಿ ತೆಗೆಯೋದರೊಳಗೆ ಬಡಿದು ಮುಗಿದಿರುತ್ತೆ, ಯಾವುದು ಮೊದಲು ಕುಗ್ಗಿತು ಯಾವುದು ಆಮೇಲೆ ಅಂತ ತಿಳಿಯಲ್ಲ. ಕಪ್ಪೆ, ಹಾವಿನಂಥ ತಣ್ಣನೆ ರಕ್ತದ ಪ್ರಾಣಿಯದ್ದಾದ್ರೆ ನಿಧಾನ, ಸಾಯ್ತಾ ಇರೋ ಪ್ರಾಣಿಯದ್ದು ಇನ್ನೂ ನಿಧಾನ, ಒಂದೊಂದು ಹಂತನೂ ಕಣ್ಣಿಗೆ ಕಾಣುತ್ತೆ. ಅವನ ಹಾವಿನ ಪ್ರಯೋಗ ಓದಿದರೆ ಇವತ್ತಿಗೂ ಮೈ ಜುಂ ಅನ್ನುತ್ತೆ: ಹೃದಯಕ್ಕೆ ಬರೋ ದೊಡ್ಡ ಅಭಿಧಮನಿಯನ್ನ ಬೆರಳಲ್ಲಿ ಅಮುಕಿದರೆ ಹೃದಯ ಖಾಲಿಯಾಗಿ ಬಿಳುಚಿಕೊಂಡು ಸಣ್ಣದಾಗುತ್ತೆ, ಬಿಟ್ಟರೆ ಮತ್ತೆ ಬಣ್ಣ ಬರುತ್ತೆ, ಹೃದಯದಿಂದ ಹೊರಡೋ ಅಪಧಮನಿಯನ್ನ ಅಮುಕಿದರೆ ಊದಿಕೊಂಡು ಕಡು ನೇರಳೆ ಬಣ್ಣಕ್ಕೆ ತಿರುಗಿ ಇನ್ನೇನು ಉಸಿರು ಕಟ್ತು ಅನ್ನೋ ಹಾಗೆ ಆಗುತ್ತೆ. ಎಲ್ಲಿಂದ ಬರುತ್ತೆ ಎಲ್ಲಿಗೆ ಹೋಗುತ್ತೆ, ಎರಡೇ ಅಮುಕಿಗೆ ಇತ್ಯರ್ಥ ಆಯ್ತು.

ಜೊತೆಗೆ ಲೆಕ್ಕ. ಒಂದು ಬಡಿತಕ್ಕೆ ಬರೀ ಅರ್ಧ ಔನ್ಸ್ ರಕ್ತ ಆಚೆ ಬರುತ್ತೆ ಅಂತಿಟ್ಕೊಳ್ಳಿ, ಅರ್ಧ ಗಂಟೆಗೆ ಸಾವಿರ ಬಡಿತ ಅಂದ್ರೂ 500 ಔನ್ಸ್, ಅಂದ್ರೆ 14 ಕೆಜಿಗೂ ಜಾಸ್ತಿ. ಕುರಿ ಮೈಯಲ್ಲಿ ಒಟ್ಟು ಇರೋ ರಕ್ತನೇ ನಾಲ್ಕು ಪೌಂಡ್ (ಎರಡು ಕೆಜಿಗೂ ಕಮ್ಮಿ) ಮೀರಲ್ಲ ಅಂತ ಹಾರ್ವೆ ತಾನೇ ನೋಡಿದ್ದ, ಕಟುಕರು ಎತ್ತಿನ ಕುತ್ತಿಗೆಯ ನಾಳ ಕೊಯ್ದರೆ ಕಾಲು ಗಂಟೆ ಒಳಗೆ ಮೈಯ ರಕ್ತ ಎಲ್ಲ ಹರಿದು ಹೋಗುತ್ತೆ ಅಂತಾನೂ ಬರೆದಿದ್ದಾನೆ. ತಿಂದ ಊಟದಿಂದ ಅರ್ಧ ಗಂಟೆಗೆ ಅಷ್ಟು ರಕ್ತ ಯಾವ ಲಿವರ್ ತಯಾರು ಮಾಡೋಕಾಗುತ್ತೆ? ಅದೇ ರಕ್ತ ಸುತ್ತಿ ವಾಪಸ್ ಬರಲೇಬೇಕು. ನಿಜವಾದ ಅಂಕಿ ಇನ್ನೂ ದೊಡ್ಡದು, ನಮ್ಮ ಹೃದಯ ಒಂದು ಬಡಿತಕ್ಕೆ ಸುಮಾರು 70 ಎಂಎಲ್, ನಿಮಿಷಕ್ಕೆ ಸುಮಾರು 5 ಲೀಟರ್ ತಳ್ಳುತ್ತೆ.

ಹಾರ್ವೆ ಕಣ್ಣಿಗೆ ಬೀಳದೆ ಉಳಿದಿದ್ದು ಒಂದೇ, ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟೋ ಜಾಗ. ಅವನು 1657ರಲ್ಲಿ ತೀರಿಕೊಂಡ, ನಾಲ್ಕು ವರ್ಷ ಆದಮೇಲೆ 1661ರಲ್ಲಿ ಬೊಲೋನ್ಯದ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶ ಒಣಗಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಲೋಮನಾಳಗಳನ್ನ, ಅಂದ್ರೆ ಎರಡನ್ನೂ ಸೇರಿಸೋ ಕೂದಲಿನಂಥ ಸಣ್ಣ ನಾಳಗಳನ್ನ ಕಂಡ. ಕಪ್ಪೆಯೇ ಯಾಕೆ ಅಂದ್ರೆ ಅದರ ಶ್ವಾಸಕೋಶ ತೆಳುವಾದ ಚೀಲ, ಬೆಳಕು ಒಳಗಿಂದ ದಾಟುತ್ತೆ, ನಮ್ಮದರಂತೆ ದಪ್ಪ ಅಲ್ಲ. ಇದಕ್ಕೋಸ್ಕರ ಕಪ್ಪೆ ಕುಲವನ್ನೇ ಬಹುತೇಕ ಮುಗಿಸಿಬಿಟ್ಟೆ ಅಂತ ಅವನೇ ಪತ್ರದಲ್ಲಿ ಬರೆದಿದ್ದಾನೆ. ಈ ಪ್ರಯೋಗಗಳ ಕಾಲಕ್ಕೆ ಅರಿವಳಿಕೆ ಇರಲಿಲ್ಲ, ಈಥರ್ ಕೊಟ್ಟು ಆಪರೇಷನ್ ಮಾಡಿ ಜನರಿಗೆ ತೋರಿಸಿದ್ದೇ 1846ರಲ್ಲಿ, ಅಂದರೆ ಹಾರ್ವೆಯ ನಾಯಿಗಳು ಹಾವುಗಳು ಎಲ್ಲಾ ನೋವು ತಿಂದೇ ಸತ್ತಿದ್ದು. ಅದನ್ನ ನೆನಪಿಟ್ಟುಕೊಂಡೇ ಈ ಇತಿಹಾಸ ಓದಬೇಕು ಅನ್ನೋದು ನನ್ನ ಅಭಿಪ್ರಾಯ.

ಕಾಲೇಜುಗಳಲ್ಲಿ ಝೂವಾಲಜಿ ಪಾಠಕ್ಕೆ ಪ್ರಾಣಿ ಕೊಯ್ಯೋದನ್ನ ಹಂತ ಹಂತವಾಗಿ ನಿಲ್ಲಿಸಿ ಅಂತ 2011ರಲ್ಲಿ ಯುಜಿಸಿ ಮಾರ್ಗಸೂಚಿ ಕೊಡ್ತು, 2014ರಲ್ಲಿ ಅದನ್ನ ಇನ್ನೂ ಬಿಗಿ ಮಾಡ್ತು. ನನಗೆ ಇದು ಸರಿ ಅನ್ಸುತ್ತೆ, ಪುಸ್ತಕದಲ್ಲಿ ಆಗಲೇ ಇರೋ ಚಿತ್ರವನ್ನ ಮತ್ತೆ ನೋಡೋಕೆ ಪ್ರತಿ ಬ್ಯಾಚಿಗೂ ಕಪ್ಪೆ ಕೊಲ್ಲಬೇಕಾಗಿಲ್ಲ. ಆದರೆ ನಾಳವನ್ನ ಕೈಯಲ್ಲಿ ಮುಟ್ಟಿ ನೋಡೋದಕ್ಕೂ ಚಿತ್ರ ನೋಡೋದಕ್ಕೂ ವ್ಯತ್ಯಾಸ ಇದ್ದೇ ಇದೆ, ಅದಕ್ಕೆ ಮಟನ್ ಅಂಗಡಿ ಸಾಕು. ಕುರಿಯ ಹೃದಯ ಕೊಡೋವಾಗ ಮೇಲಿನ ನಾಳಗಳನ್ನ ಪೂರ್ತಿ ಕತ್ತರಿಸಬೇಡಿ, ಎರಡು ಇಂಚಾದ್ರೂ ಬಿಡಿ ಅಂತ ಮೊದಲೇ ಹೇಳಬೇಕು. ಮನೆಗೆ ತಂದು ತೊಳೆದು ಹಿಡಿದರೆ ಬಿಳಿಯಾಗಿ, ದಪ್ಪಗೆ, ಯಾರೂ ಹಿಡಿಯದೆನೇ ಬಾಯಿ ತೆರೆದು ನಿಂತಿರೋದು ಮಹಾಪಧಮನಿ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯೋ ದೊಡ್ಡ ಅಪಧಮನಿ), ತೆಳ್ಳಗೆ ಮುದುಡಿಕೊಂಡು ಎಲ್ಲಿದೆ ಅಂತಾನೂ ತಿಳಿಯದ್ದು ಅಭಿಧಮನಿ. ಎಳೆದು ಬಿಟ್ಟರೆ ಮಹಾಪಧಮನಿ ವಾಪಸ್ ತನ್ನ ಅಳತೆಗೆ ಬರುತ್ತೆ, ಪ್ರತಿ ಬಡಿತದ ಒತ್ತಡವನ್ನ ಹಿಗ್ಗಿ ತಗೊಂಡು ಮತ್ತೆ ಕುಗ್ಗಿ ರಕ್ತ ಮುಂದಕ್ಕೆ ತಳ್ಳೋದು ಈ ಎಲಾಸ್ಟಿಕ್ ಗುಣವೇ. ಅದರ ಬಾಯಿಗೆ ನಲ್ಲಿ ನೀರು ಮೆಲ್ಲಗೆ ಬಿಟ್ಟರೆ ಕೆಳಗಿರೋ ಮೂರು ಅರ್ಧಚಂದ್ರದ ಕವಾಟಗಳು ತುಂಬಿಕೊಂಡು ಒಂದಕ್ಕೊಂದು ತಾಗಿ ಮುಚ್ಚಿಕೊಳ್ಳುತ್ತೆ, ನೀರು ನಿಲ್ಲುತ್ತೆ. ಪೂರ್ತಿ ನಿಲ್ಲಲ್ಲ, ಸ್ವಲ್ಪ ಇಳೀತಾ ಇರುತ್ತೆ, ಯಾಕಂದ್ರೆ ಕವಾಟದ ಹಿಂದೆ ಎರಡು ಸಣ್ಣ ತೂತಿದೆ, ಹೃದಯದ ಮಾಂಸಕ್ಕೇ ರಕ್ತ ಕೊಡೋ ಕೊರೊನರಿ ನಾಳಗಳು ಹೊರಡೋದು ಅಲ್ಲಿಂದ. ಪೊರಕೆ ಕಡ್ಡಿ ತೂರಿಸಿ ನೋಡಿದರೆ ಎಲ್ಲಿಗೆ ಹೋಗುತ್ತೆ ಅಂತ ಹೊರಗಿಂದಾನೇ ಗೊತ್ತಾಗುತ್ತೆ, ಆಂಜಿಯೋಗ್ರಾಮ್ ಮಾಡೋವಾಗ ಡಾಕ್ಟರ್ ಟ್ಯೂಬ್ ತೂರಿಸೋದು ಮನುಷ್ಯನಲ್ಲಿ ಇದೇ ಬಾಯಿಗಳಿಗೆ.

ಅಂಗಡಿಯವರು ಇನ್ನೂ ಉದ್ದ ಬಿಟ್ಟು ಕೊಟ್ಟಿದ್ರೆ ಮಹಾಪಧಮನಿ ಬಾಗೋ ಕಡೆ ಎಷ್ಟು ಕವಲು ಮೇಲಕ್ಕೆ ಹೋಗಿದೆ ಅಂತ ಎಣಿಸಿ. ಕುರಿ, ಮೇಕೆ, ಹಸುವಿಗೆ ಒಂದೇ ದಪ್ಪ ಕಾಂಡ, ಕುತ್ತಿಗೆಗೂ ಮುಂಗಾಲಿಗೂ ಬೇಕಾದ ನಾಳ ಎಲ್ಲಾ ಆಮೇಲೆ ಅದರಿಂದಲೇ ಒಡೆಯೋದು. ನಾಯಿ, ಹಂದಿಗೆ ಎರಡು. ನಮ್ಮಲ್ಲಿ ಸಾಮಾನ್ಯವಾಗಿ ಮೂರು. ಕೆಲವರಲ್ಲಿ ಮೊದಲ ಎರಡು ಕವಲು ಬುಡದಲ್ಲಿ ಸೇರಿಕೊಂಡಿರುತ್ತೆ, ಸಿಟಿ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಅದನ್ನ ಇವತ್ತಿಗೂ ಬೋವೈನ್ ಆರ್ಚ್ ಅಂತ ಬರೀತಾರೆ, ಹಸುವಿನ ಕಮಾನು ಅಂತ. ನಿಜವಾದ ಹಸುವಿನದ್ದು ಹಾಗಿಲ್ಲವೇ ಇಲ್ಲ! ವೆಸೇಲಿಯಸ್ ಆಗಿ ಐದು ಶತಮಾನ ಹತ್ತಿರ ಬಂತು, ಹಸುವಿನ ಹೆಸರಲ್ಲಿ ಮನುಷ್ಯನ ನಾಳ ಓದೋದು ಇನ್ನೂ ನಿಂತಿಲ್ಲ, ತಿದ್ದಿಕೊಳ್ಳಿ ಅಂತ ರೇಡಿಯಾಲಜಿಯವರೇ ಬರೆದಿದ್ರೂನು.

ಹೆಸರಲ್ಲಿ ತಪ್ಪಾದ್ರೆ ರೋಗಿಗೆ ಏನೂ ಆಗಲ್ಲ, ಆದರೆ ಹಾರ್ಟ್ ಅಟ್ಯಾಕ್ ಸಂಶೋಧನೆಯಲ್ಲಿ ಪ್ರಾಣಿ ಯಾವುದು ಅನ್ನೋದು ಉತ್ತರವನ್ನೇ ಬದಲಿಸಿಬಿಡುತ್ತೆ. ನಾಯಿ ಹೃದಯದಲ್ಲಿ ಕೊರೊನರಿ ನಾಳಗಳ ಮಧ್ಯೆ ಹುಟ್ಟಿನಿಂದಲೇ ಅಡ್ಡದಾರಿಗಳು ಜಾಸ್ತಿ, ಒಂದು ಕಟ್ಟಿದರೂ ಪಕ್ಕದ್ದರಿಂದ ರಕ್ತ ಬಂದು ಮಾಂಸ ಸ್ವಲ್ಪ ಉಳ್ಕೊಳ್ಳುತ್ತೆ. ಹಂದಿಗೆ ಅವು ಬಹಳ ಕಮ್ಮಿ, ಆರೋಗ್ಯವಾಗಿರೋ ಮನುಷ್ಯನಿಗೂ ಹಾಗೇನೇ, ಅದಕ್ಕೆ ಈ ತರದ ಪ್ರಯೋಗಕ್ಕೆ ಹಂದಿ ಆರಿಸಿಕೊಳ್ಳೋದು. ಹಾಗಂತ ಹಂದಿನೂ ಪೂರ್ತಿ ನಮ್ಮ ಹಾಗಲ್ಲ. ಅದರ ಎದೆಗೂಡಿನ ಗೋಡೆಯ ರಕ್ತ ಹೊತ್ತು ತರೋ ಎಡಗಡೆಯ ಒಂದು ಅಭಿಧಮನಿ ನೇರವಾಗಿ ಬಂದು, ಹೃದಯದ ಮಾಂಸದಿಂದ ವಾಪಸ್ ಬರೋ ರಕ್ತ ಸೇರೋ ನಾಳಕ್ಕೇ ಕೂಡಿಕೊಳ್ಳುತ್ತೆ, ನಮ್ಮಲ್ಲಿ ಸಾಮಾನ್ಯವಾಗಿ ಹಾಗೆ ಕೂಡಲ್ಲ. ಹಾಗಾಗಿ ಹಂದಿ ಹೃದಯದ ಮಾಂಸಕ್ಕೆ ಎಷ್ಟು ರಕ್ತ ಹೋಗಿ ಬರ್ತಿದೆ ಅಂತ ಆ ನಾಳದಲ್ಲಿ ಅಳೆಯೋರು ಮೊದಲು ಆ ಎಡಗಡೆ ಅಭಿಧಮನಿಯನ್ನ ಹುಡುಕಿ ಕಟ್ಟಿ, ಆಮೇಲೇ ಮೀಟರ್ ಹಾಕ್ತಾರೆ.