ಮಿನುಗುವ ಲೋಹದ ಅಣುಗಳನ್ನು ಮುಟ್ಟಬಹುದಾ?

ಅಂಕೋಲಾದ ಓದುಗರೊಬ್ಬರ ಪ್ರಶ್ನೆ: ಲೋಹ ಇರುವ ಕೆಲವು ಅಣುಗಳು ತಾವಾಗಿಯೇ ಜೋಡಿಕೊಂಡು ಬೆಳಗುತ್ತವಂತೆ, ಹೌದಾ? ಅವು ವಿಕಿರಣ ಸೂಸುತ್ತವೆ ಅಲ್ವಾ?

ಮೊದಲ ಮಾತು ನಿಜ. ಎರಡನೆಯದು ತಪ್ಪು. ಶಿರಸಿಯಲ್ಲಿ ಪಾಠ ಮಾಡುವಾಗಲೂ ಈ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ಕೈಗಾ ಅಣುಸ್ಥಾವರ ಹತ್ತಿರ ಇರುವುದಕ್ಕೋ ಏನೋ, ಕಾರವಾರದ ಕಡಲು ರಾತ್ರಿ ನೀಲಿಯಾಗಿ ಮಿನುಗಿದರೂ ಅದೇ ಗುಮಾನಿ. ಅದು ನಾಕ್ಟಿಲೂಕಾ ಎಂಬ ಸಣ್ಣ ಜೀವಿಯ ಬೆಳಕು, ಅಲೆ ಬಡಿದಾಗ ಬರುತ್ತದೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ.

ತಪ್ಪು ಬೇರೂರಿರುವುದು ನಮ್ಮ ಮಾತಿನಲ್ಲೇ. ಬೈಕಿಗೆ ಅಂಟಿಸುವುದನ್ನು ರೇಡಿಯಂ ಸ್ಟಿಕ್ಕರ್ ಅನ್ನುತ್ತೇವೆ. ಅದರಲ್ಲಿ ರೇಡಿಯಂ ಚೂರೂ ಇಲ್ಲ. ಎದುರು ಬರುವ ಗಾಡಿಯ ಬೆಳಕನ್ನು ವಾಪಸು ಕಳಿಸುತ್ತದೆ, ಅಷ್ಟೇ. ಹೆಡ್‌ಲೈಟ್ ಆರಿಸಿದರೆ ಕತ್ತಲೆ.

ವಿಕಿರಣ ಸೂಸುವ ಲೋಹವಾದ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ, ಮೇರಿ ಮತ್ತು ಪಿಯರ್ ಕ್ಯೂರಿ. ಆಮೇಲೆ ಗಡಿಯಾರದ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುವ ಕಾಲ ಬಂತು. ಅಮೆರಿಕದಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಬಣ್ಣ ಹಚ್ಚಿದ ಎಷ್ಟೋ ಹುಡುಗಿಯರು ಕಾಯಿಲೆ ಬಿದ್ದು ಸತ್ತರು. ಆ ಭಯಕ್ಕೆ ಕಾರಣವಿದೆ. ಆದರೆ ಆ ಹಸಿರು ಬೆಳಕನ್ನು ಕೊಡುತ್ತಿದ್ದದ್ದು ಬಣ್ಣಕ್ಕೆ ಬೆರೆಸಿದ್ದ ಝಿಂಕ್ ಸಲ್ಫೈಡ್. ರೇಡಿಯಂ ಅದಕ್ಕೆ ಶಕ್ತಿ ಒದಗಿಸುತ್ತಿತ್ತು. ಕೆಲವು ದಶಕ ಆ ವಿಕಿರಣದ ಏಟು ತಿಂದ ಮೇಲೆ ಝಿಂಕ್ ಸಲ್ಫೈಡ್ ಸವೆದು ಗಡಿಯಾರ ಮಂಕಾಗುತ್ತದೆ. ರೇಡಿಯಂ ಅರ್ಧ ಆಗಲಿಕ್ಕೇ ಸುಮಾರು 1600 ವರ್ಷ ಬೇಕು. ಅಂದರೆ ಅಜ್ಜನ ಕಾಲದ ಅಂಥ ಗಡಿಯಾರ ಕತ್ತಲಲ್ಲಿ ಕಾಣದಿದ್ದರೂ ವಿಕಿರಣ ಸೂಸುತ್ತಲೇ ಇರುತ್ತದೆ. ಅದೇ ನಮ್ಮ ಕಡಲು ಬೆಳಗುತ್ತದೆ, ವಿಕಿರಣದ ಸಂಬಂಧವೇ ಇಲ್ಲ. ಇನ್ನೂ ಎರಡನ್ನೂ ಒಂದೇ ಅನ್ನುತ್ತೀರಾ?

ವಿಕಿರಣ ಹೊರಡುವುದು ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಿಂದ. ನೀವು ಕೇಳಿದ ಅಣುಗಳಲ್ಲಿ ಅದು ಅಲ್ಲಾಡುವುದೇ ಇಲ್ಲ. ಹೊರಗಿನಿಂದ ನೇರಳಾತೀತ ಬೆಳಕು ಬಿದ್ದಾಗ ಇಲೆಕ್ಟ್ರಾನ್ ಮೇಲಿನ ಮೆಟ್ಟಿಲು ಹತ್ತುತ್ತದೆ, ಇಳಿಯುವಾಗ ಬೆಳಕು ಬಿಡುತ್ತದೆ. ದೀಪ ಆರಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಅದೂ ಆರುತ್ತದೆ. ಹಾಗಂತ ಬರಿಗೈಯಲ್ಲಿ ಮುಟ್ಟಬೇಡಿ. ಲೋಹದ ಸಂಯುಕ್ತಗಳಲ್ಲಿ ವಿಷದವೂ ಇವೆ, ಅದು ಬೇರೆ ಮಾತು.

ಇನ್ನು ಜೋಡಣೆ. ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಲ್ಲ? ನೀರು ಆರಿದಂತೆ ಉಪ್ಪು ತಾನೇ ಹರಳುಗಟ್ಟುತ್ತದೆ. ಯಾರೂ ಕಣ ಕಣ ಹೆಕ್ಕಿ ಇಡುವುದಿಲ್ಲ. ಪ್ಲಾಟಿನಂ ಇರುವ ಕೆಲವು ಅಣುಗಳು ಚಪ್ಪಟೆಯಾಗಿರುತ್ತವೆ. ಬಿಡಿಬಿಡಿಯಾಗಿ ಕರಗಿದ್ದಾಗ ಅವುಗಳ ಬೆಳಕು ತೀರಾ ಮಂದ. ಅವು ಕರಗದಂಥ ಇನ್ನೊಂದು ದ್ರವ ಬೆರೆಸಿದರೆ, ಅಡಿಕೆ ಹಾಳೆಯ ತಟ್ಟೆ ಪೇರಿಸಿದ ಹಾಗೆ ಒಂದರ ಮೇಲೊಂದು ಕೂರುತ್ತವೆ. ಒಂದು ಪ್ಲಾಟಿನಂಗೂ ಮುಂದಿನದಕ್ಕೂ ಅಂತರ 3.5 ಆಂಗ್‌ಸ್ಟ್ರಾಂಗಿಂತ ಕಡಿಮೆ ಆಗುತ್ತದೆ. ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಅಷ್ಟು ಹತ್ತಿರ ಬಂದಾಗ ಇಲೆಕ್ಟ್ರಾನುಗಳ ಮೆಟ್ಟಿಲು ತಗ್ಗುತ್ತದೆ. ದ್ರಾವಣದ ಬಣ್ಣವೇ ಬದಲಾಗುತ್ತದೆ, ಬೆಳಕು ಕೆಂಪಿನ ಕಡೆ ಸರಿದು ಜೋರಾಗುತ್ತದೆ. ಹಾಂಗ್‌ಕಾಂಗ್‌ನ ರಸಾಯನ ವಿಜ್ಞಾನಿ ವಿವಿಯನ್ ಯಾಮ್ ಅವರ ತಂಡ ಈ ವಿಷಯದಲ್ಲಿ ತುಂಬ ಕೆಲಸ ಮಾಡಿದೆ.

ಮನೆಯಲ್ಲಿ ಇಂಥದ್ದು ನೋಡಬಹುದಾ ಅಂತ ಯಾರೂ ಕೇಳುವುದಿಲ್ಲ. ನೋಡಬಹುದು. ಬಸಳೆ ಸೊಪ್ಪು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ. ಒಲೆಯಿಂದ ದೂರ ಇರಲಿ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಬಿಟ್ಟರೆ ಹಸಿರು ರಸ ಕೆಂಪಗೆ ಬೆಳಗುತ್ತದೆ. ನನ್ನ ಮಕ್ಕಳು ಮೊದಲ ಸಲ ನೋಡಿದಾಗ ತರಗತಿಯೇ ಸುಮ್ಮನಾಗಿಬಿಡುತ್ತದೆ. ಅದು ಕ್ಲೋರೋಫಿಲ್, ನಡುವೆ ಮೆಗ್ನೀಸಿಯಂ ಎಂಬ ಲೋಹ ಇರುವ ಅಣು. ಬಳ್ಳಿಯಲ್ಲಿರುವ ಎಲೆ ಹಾಗೆ ಬೆಳಗುವುದಿಲ್ಲ ಯಾಕೆ? ಅಲ್ಲಿ ಹಿಡಿದ ಬೆಳಕು ಬಹುಪಾಲು ಆಹಾರ ತಯಾರಿಗೆ ಹೋಗುತ್ತದೆ, ಇಲ್ಲವೇ ಬಿಸಿಯಾಗಿ ಕಳೆಯುತ್ತದೆ. ಸ್ಪಿರಿಟ್‌ನಲ್ಲಿ ಆಹಾರ ತಯಾರಿಯ ದಾರಿ ಮುಚ್ಚಿಹೋಗಿರುತ್ತದೆ.

ಹಸಿರು ಗಂಧಕ ಬ್ಯಾಕ್ಟೀರಿಯಾಗಳಲ್ಲಿ ಇದೇ ಜಾತಿಯ ಅಣುಗಳು ತಾವೇ ಪೇರಿಕೊಳ್ಳುತ್ತವೆ, ಒಂದರ ಮೆಗ್ನೀಸಿಯಂ ಪಕ್ಕದ್ದನ್ನು ಹಿಡಿದುಕೊಂಡು. ಆ ಪೇರಿಕೆಯ ಬಲದಿಂದಲೇ ಅವು ಕಪ್ಪು ಸಮುದ್ರದ ಸುಮಾರು 100 ಮೀಟರ್ ಆಳದಲ್ಲಿ, ನಮ್ಮ ಕಣ್ಣಿಗೆ ಬರೀ ಕತ್ತಲೆ ಅನ್ನಿಸುವ ಕಡೆ, ಬೆಳಕು ಹೆಕ್ಕಿ ಬದುಕುತ್ತವೆ.